ಗಾಳಕ್ಕೆ ತುಪ್ಪಟದ ಹಾಸಿಗೆ

ಹಡಗಲಿ ಹೆಂಗಸರ ಕೈ ಎಂದರೆ ಮಲ್ಲಿಗೆಯ ಹಾಗೆ ಘಮಘಮಿಸಬೇಕು ಎಂದು ಹೊರಗಿನವರು ತಿಳಿದಿರುತ್ತಾರೆ. ನನ್ನ ಕೈ ಕುರಿ ನಾರುತ್ತದೆ. ಮೊನ್ನೆ ಮುಡಿಯಲು ಹೂವು ಕೇಳಿಕೊಂಡು ಬಂದ ಎದುರುಮನೆಯ ಸೊಸೆ ಮಾಲೆಯನ್ನು ಮೂಗಿನ ಹತ್ತಿರ ಹಿಡಿದವಳು ಹುಬ್ಬು ಗಂಟಿಕ್ಕಿ, "ಅಮ್ಮಾರ, ಮಲ್ಲಿಗ್ಯಾಗ ಏನೋ ಬ್ಯಾರೆ ವಾಸನಿ ಐತಲ್ರಿ?" ಎಂದಳು.

"ಹೂವಿಂದಲ್ಲವ್ವ, ನನ್ನ ಬೆರಳಿಂದು. ಈಗಷ್ಟ ತುಪ್ಪಟ ಮುಟ್ಟಿ ಬಂದೀನಿ."

"ತುಪ್ಪಟ ಅಂದ್ರ?"

ಪಟ್ಟಣದಲ್ಲಿ ಬೆಳೆದ ಹುಡುಗಿ. ಕುರಿಯ ಮೈಮೇಲಿಂದ ಕತ್ತರಿಸಿದ ಉಣ್ಣೆ, ಇನ್ನೂ ತೊಳೆಯದ್ದು, ಎಂದು ಹೇಳಿದೆ. ಅದು ಮನೆಯಲ್ಲಿ ಯಾಕೆ ಎಂದಳು. ಗಾಳ ಚುಚ್ಚಿಡಲು ಎಂದೆ. ಯಾವ ಗಾಳ ಎಂದಳು. ಮೀನಿನ ಗಾಳ ಎಂದೆ. ಮುಂದೆ ಕೇಳಲಿಲ್ಲ. ಆದರೆ ಹೂವನ್ನು ಬಿಟ್ಟು ಹೋಗಲೂ ಇಲ್ಲ. ನನ್ನ ಮಲ್ಲಿಗೆ ಅಷ್ಟು ಚೆನ್ನಾಗಿ ಬಿಟ್ಟಿತ್ತು, ದೇವರ ದಯೆ.

ನಿಮಗೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಐವತ್ತು ದಾಟಿದವಳು. ಸೋಮವಾರ ಒಪ್ಪತ್ತು ಇರುತ್ತೇನೆ. ಹಣೆಗೆ ಭಂಡಾರ, ಅಂದರೆ ನಮ್ಮ ಮೈಲಾರಲಿಂಗನ ಅರಿಶಿನಪುಡಿ, ಹಚ್ಚಿಕೊಳ್ಳದೆ ಒಲೆ ಹೊತ್ತಿಸುವುದಿಲ್ಲ. ತವರಿಗೆ ಹೋದಾಗಲೆಲ್ಲ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತುಂಗಭದ್ರೆಯಲ್ಲಿ ಗಾಳ ಹಾಕುತ್ತೇನೆ. ಇವು ಒಂದಕ್ಕೊಂದು ಜಗಳವಾಡಿದ್ದನ್ನು ನಾನು ಕಂಡಿಲ್ಲ. ಕಂಡೆವು ಎನ್ನುವವರಿಗೆ ಬಾಯಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ನನ್ನ ತವರು ಹಲವಾಗಲು. ಅಪ್ಪನಿಗೆ ಕುರಿಗಳಿದ್ದವು, ತುಸು ಹೊಲವಿತ್ತು, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಹೊಳೆಯಿತ್ತು. ಎರೆಹುಳು ಚುಚ್ಚಿ ಮೀನು ಹಿಡಿಯುವುದು ಅವನಿಗೆ ಸೇರುತ್ತಿರಲಿಲ್ಲ. "ಒಂದು ಮೀನಿಗೆ ಎರಡು ಜೀವದ ಲೆಕ್ಕ ಯಾಕ ಬರಸ್ಕೊಳ್ಳಲಿ" ಎನ್ನುತ್ತಿದ್ದ. ಅವನದು ಚಮಚದ ಗಾಳ. ಚಮಚದ ಹಿಡಿಕೆ ಕತ್ತರಿಸಿ, ತಲೆಯ ಭಾಗವನ್ನು ಸ್ವಲ್ಪ ಬಡಿದು ಉದ್ದ ಮಾಡಿ, ಎರಡು ತುದಿಗೂ ಮೊಳೆಯಿಂದ ತೂತು ಹೊಡೆದು, ಒಂದು ತುದಿಗೆ ದಾರ, ಇನ್ನೊಂದಕ್ಕೆ ಮೂರು ಕೊಕ್ಕೆಯ ಗಾಳ. ನೀರಿಗೆ ಎಸೆದು ಎಳೆದರೆ ಅದು ಹೊರಳಿ ಹೊರಳಿ ಮಿನುಗುತ್ತದೆ. ಸಣ್ಣ ಮೀನು ಓಡುತ್ತಿದೆ ಎಂದು ದೊಡ್ಡ ಬಾಳೆಮೀನು ಬಾಯಿ ಹಾಕುತ್ತದೆ. ಈಗ ಇಂಥವನ್ನು ಬಣ್ಣ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ, ಗುಡ್ಡೆಗಣ್ಣು ಬರೆದು, ಹೊಟ್ಟೆಗೊಂದು ಬಾಲಕ್ಕೊಂದು ಗಾಳ ತೂಗಿಸಿ ಅಂಗಡಿಯಲ್ಲಿ ಮಾರುತ್ತಾರೆ. ಅಪ್ಪ ಅದನ್ನು ಅವ್ವನ ಉಪ್ಪಿಟ್ಟಿನ ಚಮಚದಿಂದ ಮಾಡಿದ.

ಅವ್ವ ಆ ಚಮಚ ಹುಡುಕದ ಜಾಗವಿಲ್ಲ. ನನ್ನನ್ನೂ ಬೈದಳು, ಬೆಕ್ಕನ್ನೂ ಬೈದಳು. ಕೊನೆಗೆ ಹಿತ್ತಲಲ್ಲಿ ಬರೀ ಹಿಡಿಕೆ ಸಿಕ್ಕಿತು. ಮರುದಿನ ಬೆಳಿಗ್ಗೆ ಅಪ್ಪನ ತಟ್ಟೆಗೆ ಬಿಸಿ ಉಪ್ಪಿಟ್ಟು ಹಾಕಿ, ಪಕ್ಕದಲ್ಲಿ ಆ ಹಿಡಿಕೆಯನ್ನು ಇಟ್ಟು, "ಉಣ್ಣು" ಎಂದಳು. ಅಪ್ಪ ಹಿಡಿಕೆಯಿಂದ ಒಂದೊಂದೇ ಸಾಸಿವೆ ಎತ್ತುವವನ ಹಾಗೆ ನಿಧಾನ ತಿಂದ. ಮುಗಿಸಿ, "ರುಚಿ ಆಗೈತಿ, ಉಣ್ಣೋದು ಸ್ವಲ್ಪ ಉದ್ದ ಆಗೈತಿ" ಎಂದು ಎದ್ದು ಹೋದ. ಸಂಜೆ ಆ ಚಮಚದ ತಲೆ ಮೊಳಕೈ ಉದ್ದದ ಬಾಳೆಮೀನನ್ನು ಮನೆಗೆ ತಂದಿತು. ಅವ್ವ ಸಾರು ಮಾಡಿದಳು, ನಗಲಿಲ್ಲ. ನಕ್ಕರೆ ಸೌಟಿಗೂ ಅದೇ ಗತಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಗಾಳದ ಶತ್ರು ಮೀನಲ್ಲ, ತುಕ್ಕು. ಹೊಳೆಯಿಂದ ಬಂದ ಅಪ್ಪ ತನ್ನ ಕಾಲು ತೊಳೆಯುವ ಮೊದಲು ಗಾಳ ಒರೆಸುತ್ತಿದ್ದ. ಹಳೆ ಧೋತರದ ತುಂಡಿನಿಂದ ಕೊಕ್ಕೆಯ ಸಂದಿಯನ್ನೆಲ್ಲ ಒರೆಸಿ, ಮೊರದಲ್ಲಿ ಹರಡಿ, ಬಿಸಿಲಿಗೆ ಇಡುವುದು. ಒಣಗಿದರೆ ಸಾಲದು, ಕೈಗೆ ಬೆಚ್ಚಗೆ ತಾಕಬೇಕು. "ಬಿಸಿಲು ಕುಡಿಲಿ ತಡಿ" ಎನ್ನುತ್ತಿದ್ದ. ಆಮೇಲೆ ತುಪ್ಪಟದ ಉಂಡೆಗೆ ಒಂದೊಂದಾಗಿ ಚುಚ್ಚುವುದು. ಅದು ನನ್ನ ಕೆಲಸ. ತೊಳೆಯದ ಉಣ್ಣೆಯಲ್ಲಿ ಕುರಿಯ ಮೈಯ ಜಿಡ್ಡು ಇರುತ್ತದೆ, ಬೆರಳಿಗೆ ಮೇಣದ ಹಾಗೆ ಅಂಟುತ್ತದೆ. ಚುಚ್ಚಿದ ಗಾಳಕ್ಕೆ ಆ ಜಿಡ್ಡು ತಾನಾಗಿ ಸವರಿಕೊಳ್ಳುತ್ತದೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: "ನಮ್ಮ ಕುರಿ ಮಳ್ಯಾಗ ನಿಂತು ತುಕ್ಕು ಹಿಡಿದದ್ದು ಯಾವತ್ತರೆ ನೋಡೀಯೇನು?"

ನೋಡಿರಲಿಲ್ಲ. ಇವತ್ತಿಗೂ ನೋಡಿಲ್ಲ.

ಹೊಳೆಗೆ ಇಳಿಯಲು ಮೊಣಕಾಲು ಒಪ್ಪದಂತಾದಾಗ ಅಪ್ಪ ಗಾಳ, ತುಪ್ಪಟ ಇಡುತ್ತಿದ್ದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ತಮ್ಮ ಬೀರಪ್ಪನಿಗೆ ಕೊಡಲಿಲ್ಲ. ಬೀರಪ್ಪನೂ ಮೀನು ಹಿಡಿಯುತ್ತಾನೆ, ಆದರೆ ಅವನದೆಲ್ಲ ಅಂಗಡಿಯ ಪ್ಲಾಸ್ಟಿಕ್ ಮೀನು, ಮೊಬೈಲಿನ ವಿದ್ಯೆ. ಅಪ್ಪ ಹೋಗಿ ವರ್ಷಗಳಾದವು. ಚಮಚದ ಗಾಳ ಮತ್ತು ಅವನು ಬೇರೆ ಬೇರೆ ಕಾಲಕ್ಕೆ ಕೂಡಿಟ್ಟ ಒಂದು ಹಿಡಿ ಗಾಳ ನನ್ನ ಹತ್ತಿರ ಉಳಿದವು. ತವರಿನಿಂದ ಹೆಣ್ಣುಮಗಳಿಗೆ ಸೀರೆ ಬರುತ್ತದೆ, ಬುತ್ತಿ ಬರುತ್ತದೆ. ನನಗೆ ಇದು ಬಂತು.

ತುಪ್ಪಟಕ್ಕಿಂತ ಶುದ್ಧವಾದ ದಾರಿ ಇಲ್ಲವೇ ಎಂದು ಕೇಳುವವರು ಇದ್ದೀರಿ. ನಾನೂ ಹುಡುಕಿ ನೋಡಿದವಳೇ. ಒಮ್ಮೆ ಅಡುಗೆಮನೆಯ ಕುಸುಬಿ ಎಣ್ಣೆ ಹಚ್ಚಿಟ್ಟೆ. ಸ್ವಲ್ಪ ದಿನಕ್ಕೆ ಎಣ್ಣೆ ಅಂಟಾಗಿ, ಗಾಳಗಳು ಒಂದನ್ನೊಂದು ಅಪ್ಪಿಕೊಂಡು, ಇರುವೆಗಳು ಹಬ್ಬಕ್ಕೆ ಬಂದಿದ್ದವು. ಇನ್ನೊಮ್ಮೆ ಯಜಮಾನರ ಹಳೆ ಕಂಬಳಿಯ ತುಂಡಿಗೆ ಒಂದು ಗಾಳ ಚುಚ್ಚಿಟ್ಟೆ. ಅದೂ ಕುರಿಯದೇ ಅಲ್ಲವೇ ಎಂಬ ಜಾಣತನ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಅದು ಮಳೆಗಾಲದಲ್ಲಿ ತೇವ ಹೀರುತ್ತದೆ ಎಂಬುದು ಗಾಳದ ಮೇಲೆ ಕೆಂಪು ಚುಕ್ಕಿ ಕಂಡ ಮೇಲೆ ತಲೆಗೆ ಹೋಯಿತು. ಚಪ್ಪಲಿ ಡಬ್ಬಿಯಲ್ಲಿ, ಹೊಸ ಬ್ಯಾಗಿನಲ್ಲಿ ಪುಟ್ಟ ಬಿಳಿ ಪೊಟ್ಟಣ ಬರುತ್ತವಲ್ಲ, ಒಳಗೆ ಸಾಬೂದಾನಿಯಂಥ ಕಾಳು? ಅವು ತೇವ ಹೀರುತ್ತವೆ ಎಂದು ಬೀರಪ್ಪ ಹೇಳಿದ. ಅಂದಿನಿಂದ ಕಂಡವರ ಮನೆಯಲ್ಲಿ ಹೊಸ ಚಪ್ಪಲಿ ಕಂಡರೆ "ಪೊಟ್ಟಣ ಒಗೀಬ್ಯಾಡ್ರಿ, ನನಗ ಕೊಡ್ರಿ" ಎಂದು ಕೈ ಒಡ್ಡುತ್ತೇನೆ. ಅದು ಒಳ್ಳೆಯ ಉಪಾಯವೇ. ಆದರೆ ಪೊಟ್ಟಣ ಡಬ್ಬಿಯ ತೇವ ಕುಡಿಯುತ್ತದೆ, ಗಾಳದ ಮೈಗೆ ಅಂಗಿ ತೊಡಿಸುವುದಿಲ್ಲ. ಅಂಗಿ ತೊಡಿಸುವುದು ತುಪ್ಪಟವೇ.

ಇನ್ನು ಜಾಗದ ಮಾತು. ನಮ್ಮ ಮನೆ ಎರಡು ಪಾಲಾಗಿದೆ. ಹಿರಿಯರ ಕಡೆ ನನ್ನ ಭಾವ ಮತ್ತು ನನ್ನ ನೆಗೆಣ್ಣಿ ಕಲ್ಲವ್ವಕ್ಕ, ಈ ಕಡೆ ನಾವು. ಹೊಲ ಹಂಚಿದರು, ಮಲ್ಲಿಗೆ ತೋಟ ಹಂಚಿದರು, ದೇವರನ್ನು ಮಾತ್ರ ಹಂಚಲಿಲ್ಲ. ದೇವರ ಮನೆ ಅಕ್ಕನ ಪಾಲಿನೊಳಗೆ ಉಳಿಯಿತು, ನಮಗೊಂದು ಬಾಗಿಲು ಬಿಟ್ಟರು. ಅಲ್ಲಿ ನಂದಾದೀಪ ಆರುವುದಿಲ್ಲ. ಆದ್ದರಿಂದ ಎರಡೂ ಮನೆಗಳಲ್ಲಿ ಅತಿ ಒಣಗಿದ, ಬೆಚ್ಚಗಿನ ಜಾಗ ಅದೇ. ದೇವರನ್ನು ಕೂರಿಸಿದ ಜಗಲಿಯ ಕೆಳಗಿನ ಗೂಡಿನಲ್ಲಿ ನನ್ನ ಡಬ್ಬಿ ಮದುವೆಯಾದ ಹೊಸ ಸೊಸೆಯಂತೆ ಮೂಲೆ ಹಿಡಿದು ಕೂತಿತ್ತು. ಯಾರೂ ಏನೂ ಅನ್ನಲಿಲ್ಲ. ಅನ್ನುವಂತೆಯೂ ಇರಲಿಲ್ಲ. ನಾನು ತವರಿನಿಂದ ಮೀನು ತಂದಾಗ ತಲೆಯ ತುಂಡು ಕಲ್ಲವ್ವಕ್ಕನಿಗೆ ಎತ್ತಿಡದಿದ್ದರೆ ಅವಳು ಮಾತು ಬಿಡುತ್ತಿದ್ದಳು.

ಆಮೇಲೆ ಅಕ್ಕ ಮೀನು ಬಿಟ್ಟಳು. ಸೊಂಟನೋವಿಗೆ ಹರಕೆ ಹೊತ್ತಿದ್ದಳು, ನೋವು ಹೋಯಿತು, ಮೀನೂ ಹೋಯಿತು. ಬಿಡಲಿ, ಅವಳ ದೇವರು, ಅವಳ ಸೊಂಟ. ಆದರೆ ಬಿಟ್ಟವರಿಗೆ ತಾವು ಬಿಟ್ಟರೆ ಸಾಲದು. ಅವಳ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು.

ಹಿಂದಿನ ವರ್ಷದ ಮಹಾನವಮಿ. ಆಯುಧಪೂಜೆಗೆ ಎರಡೂ ಮನೆಯ ಕಬ್ಬಿಣ ಆ ದೇವರ ಮನೆಗೆ ಸೇರುತ್ತದೆ. ಕುಡಗೋಲು, ಸನಿಕೆ, ಈಳಿಗೆ, ಬೈಕಿನ ಕೀಲಿ, ಕುರಿ ಮಾರಿದ ಮೇಲೂ ಉಳಿದಿರುವ ಉಣ್ಣೆ ಕತ್ತರಿ, ನನ್ನ ಡಬ್ಬಿ. ಅಕ್ಕ ಬಲು ಶುಚಿಯ ಹೆಂಗಸು. ಹಬ್ಬದ ಹಿಂದಿನ ದಿನ ನಾನು ತೋಟದಲ್ಲಿ ಮೊಗ್ಗು ಬಿಡಿಸುತ್ತಿದ್ದಾಗ ಡಬ್ಬಿ ತೆರೆದು, ಗಾಳ ಬಿಡಿಸಿ, ತುಪ್ಪಟವನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದುಬಿಟ್ಟಳು. ಬಿಸಿಲು ಹೆಚ್ಚಿರಲಿಲ್ಲ, ಅರೆಬರೆ ಒಣಗಿತು. ಅದಕ್ಕೇ ಮತ್ತೆ ಗಾಳ ಚುಚ್ಚಿದಳು. ಪೂಜೆಯಲ್ಲಿ ತೀರ್ಥ ಚಿಮುಕಿಸಿ, ಮೇಲೆ ನೀರು ಹನಿಯುವ ಮಲ್ಲಿಗೆ ಇಟ್ಟು, ಮುಚ್ಚಳ ಒತ್ತಿದಳು. ನಾನು ಮುಚ್ಚಿದ ಡಬ್ಬಿಗೆ ಕೈಮುಗಿದು ಬಂದೆ. ಅಕ್ಕನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಇದನ್ನು ಆಣೆ ಮಾಡಿ ಹೇಳಬಲ್ಲೆ. ನಮ್ಮಂಥ ಭಕ್ತರ ಮನೆಯಲ್ಲೇ ಆಗಬಹುದಾದ ಅನಾಹುತ ಅದು.

ದೀಪಾವಳಿಗೆ ತವರಿಗೆ ಹೊರಟು ಡಬ್ಬಿ ತೆಗೆದೆ. ಮಲ್ಲಿಗೆ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ ಕೊಳೆತಿತ್ತು. ಅದರ ಕೆಳಗೆ ಗಾಳಗಳು ಇಟ್ಟಿಗೆಯಷ್ಟು ಕೆಂಪು. ಚಮಚದ ಗಾಳ ಎತ್ತಿದರೆ ಬೆರಳಿಗೆ ತುಕ್ಕಿನ ಪುಡಿ ಉದುರಿತು. ತುಪ್ಪಟ ಹತ್ತಿಯ ಹಾಗೆ ಹಗುರವಾಗಿತ್ತು, ಬೆಳ್ಳಗಿತ್ತು, ಜಿಡ್ಡಿನ ಹೆಸರಿರಲಿಲ್ಲ.

"ಅಕ್ಕಾ, ಇದನ್ನ ತೊಳದಿಯೇನ?"

"ಹೂಂ ಮತ್ತ. ದೇವರ ಮನ್ಯಾಗ ಅಂಥ ಹೊಲಸು ಇಡ್ತಾರೇನ? ನೋಡು, ಹೆಂಗ ಮಲ್ಲಿಗಿ ಆಗೈತಿ."

"ಮಲ್ಲಿಗಿ ಆಗೈತಿ, ಗಾಳ ಮಣ್ಣಾಗೈತಿ. ಆ ಜಿಡ್ಡಿಂದನ ಇವು ಉಳದಿದ್ವು."

ಅಕ್ಕ ಬಗ್ಗಿ ನೋಡಿದಳು. ನೋಡಿದವಳ ಮುಖದಲ್ಲಿ ಮೊದಲು ಗಾಬರಿ ಬಂತು. ಆಮೇಲೆ ಅದನ್ನು ಮುಚ್ಚಲು ಭಕ್ತಿ ಬಂತು. "ತೊಳದದ್ದಕ್ಕ ಎಲ್ಲ್ಯರ ತುಕ್ಕು ಹಿಡಿತೈತೇನ ಮೈಲವ್ವ? ಕುಡಗೋಲಿಗೂ ತೀರ್ಥ ಹಾಕೀನಿ, ಈಳಿಗಿಗೂ ಹಾಕೀನಿ. ಅವಕ್ಕ ಏನೂ ಆಗಿಲ್ಲ. ಜೀವ ತಗಿಯೋ ವಸ್ತು ದೇವರಿಗೆ ಬ್ಯಾಡಾಗೈತಿ. ತೋರಿಸಿಕೊಟ್ಟಾನ ಅಷ್ಟ."

ಕುಡಗೋಲು ಪೂಜೆಯ ಮರುದಿನವೇ ಹೊಲಕ್ಕೆ ಹೋಗಿ ಒಣಗಿತ್ತು, ಈಳಿಗೆ ದಿನಾ ಒರೆಸಿಕೊಳ್ಳುತ್ತದೆ, ಮುಚ್ಚಳದೊಳಗೆ ಒದ್ದೆ ಹೂವಿನ ಜೊತೆ ಸೆರೆಯಾದದ್ದು ನನ್ನ ಗಾಳ ಮಾತ್ರ. ಇದನ್ನೆಲ್ಲ ಹೇಳಬಹುದಿತ್ತು. ನನಗೆ ಸಿಟ್ಟು ಬಂದಿತ್ತು. "ಮೈಲಾರಲಿಂಗ ಕುರುಬರ ದೇವರು. ಕಂಬಳಿ ಹಾಸಿದ ಗದ್ದಿಗಿ ಮ್ಯಾಲೆ ಕೂತಾನ. ಅವಗ ಕುರಿ ಜಿಡ್ಡು ಹೊಲಸು ಅಂತ ನಿನಗ ಯಾರು ಹೇಳ್ಯಾರ?"

"ಬಾಯಿ ಮಾಡಬ್ಯಾಡ. ಹಿರಿ ಸೊಸಿ ಆಗಿ ಹೇಳಾಕತ್ತೀನಿ, ಈ ಡಬ್ಬಿ ಇನ್ನ ದೇವರ ಮನ್ಯಾಗ ಬ್ಯಾಡ. ಹೊಳಿಗೆ ಬಿಟ್ಟು ಬಾ."

ಹೊಳೆಗೆ ಬಿಡು ಎಂದಳಲ್ಲ, ಆ ಮಾತು ನನ್ನ ಎದೆಗೆ ನಾಟಿತು. ಕೆಟ್ಟುಹೋದ ದೇವರ ಪಟವನ್ನು ಬಿಡುವ ಹಾಗೆ ಅಪ್ಪನ ಚಮಚವನ್ನು ಬಿಟ್ಟು ಬರುವುದೇ? ಬಾಯಿಂದ ಮಾತು ತಾನೇ ಹೊರಟಿತು: "ಬರೋ ಮಾನವಮಿಗೆ ಇದ ಜಗಲಿ ಮುಂದ ಡಬ್ಬಿ ತಗೀತೀನಿ. ಒಂದು ಗಾಳಕ್ಕ ತುಕ್ಕು ಇದ್ರೂ ನನ್ನ ಕೈಯಿಂದನ ಹೊಳಿಗೆ ಬಿಟ್ಟು, ಮತ್ತ ಗಾಳ ಮುಟ್ಟಂಗಿಲ್ಲ. ಇರಲಿಲ್ಲಂದ್ರ ಈ ಗೂಡು ಇದಕ್ಕ."

"ಹೊಳಿಗೆ ಒಯ್ಯದ ಮುಚ್ಚಿಟ್ರ ಯಾವ ಕಬ್ಬಿಣಕ್ಕೂ ತುಕ್ಕು ಬರಂಗಿಲ್ಲ" ಎಂದಳು ಅಕ್ಕ.

"ಮುಚ್ಚಿಡಂಗಿಲ್ಲ. ಹೊಳ್ಯಾಗ ತೋಯಿಸಿ ತರತೀನಿ."

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಇಬ್ಬರದೂ ಖರೇ ಐತಿ" ಎಂದರು. "ಹಬ್ಬದ ಊಟ ಯಾರ ಮನ್ಯಾಗ, ಅಷ್ಟು ಹೇಳ್ರಿ." ನ್ಯಾಯ ಹೇಳಲು ಇಂಥವರು ಸಿಕ್ಕಿದ್ದೂ ದೇವರ ದಯೆಯೇ ಇರಬೇಕು. ಯಾರ ಪರವೂ ಹೇಳಿ ಮನೆ ಒಡೆಯಲಿಲ್ಲ.

ಡಬ್ಬಿ ನನ್ನ ಪಾಲಿಗೆ ಬಂತು. ಗಾಳಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿಟ್ಟು, ತೆಂಗಿನ ನಾರು ಬೂದಿ ಹಾಕಿ ದೇವರ ಸಾಮಾನು ಬೆಳಗುವ ಹಾಗೆಯೇ ಬೆಳಗಿದೆ. ಬೆರಳಿಗೆ ಚುಚ್ಚಿಸಿಕೊಂಡು ಉಸ್ಸೆಂದೆ. ಅರ್ಧದಷ್ಟು ಗಾಳ ಉಳಿಯಲಿಲ್ಲ, ಮುಟ್ಟಿದರೆ ಮುರಿದವು. ಚಮಚದ ಮೂರು ಕೊಕ್ಕೆಗಳಲ್ಲಿ ಒಂದು ಮೊಂಡಾಯಿತು. ಎರಡು ಉಳಿದವು. ನನ್ನ ಮಟ್ಟಿಗೆ ಎರಡು ಅಂದರೆ ತುಂಬಾ ಆಯಿತು. ಬೀರಪ್ಪ ಫೋನಿನಲ್ಲಿ, "ಯಕ್ಕಾ, ಹೊಸ ಗಾಳ ಹಾಕ್ಕೊಡ್ತೀನಿ, ಅದನ್ನ ಒಗಿ" ಎಂದ. ಒಗಿ ಎನ್ನುವವರೇ ಎಲ್ಲಾ ಕಡೆ!

ಹೊಸ ತುಪ್ಪಟ ಬೇಕಿತ್ತು. ನಮ್ಮ ಕುರಿ ಇಲ್ಲ. ಸುಗ್ಗಿ ಮುಗಿದ ಮೇಲೆ ಹಿಂದಿನ ಹೊಲದಲ್ಲಿ ಕುರಿ ಮಂದೆ ತರುಬಿದ್ದರು, ಗೊಬ್ಬರಕ್ಕೆ. ಅಲ್ಲಿ ಉಣ್ಣೆ ಕತ್ತರಿಸುವುದು ನಡೆದಿತ್ತು. ಕತ್ತರಿಸಿದ್ದು ಬದುವಿನ ಮೇಲೆ ರಾಶಿಯಾಗಿ ಬಿದ್ದಿತ್ತು. ಈಗ ಅದನ್ನು ಕೇಳುವವರಿಲ್ಲ, ಹೊರೆ ಇಳಿದರೆ ಕುರಿಗೆ ಹಗುರ ಎಂದು ಕತ್ತರಿಸುತ್ತಾರೆ. ಕುರಿ ಕಾಯುವವನನ್ನು ಒಂದು ಹಿಡಿ ಕೇಳಿದೆ.

"ಒಂದು ಚೀಲ ಒಯ್ಯಬೇ ಯವ್ವಾ. ಕೌದಿಗೆ ಹಾಕ್ತೀಯೇನು?"

"ಇಲ್ಲೋ ಅಪ್ಪ, ಗಾಳಕ್ಕ ಹಾಸಿಗಿ."

ಅವನು ಕತ್ತರಿ ನಿಲ್ಲಿಸಿದ. "ಹಂಗಾರ ಹೊಟ್ಟಿ ಕೆಳಗಿಂದು ಬ್ಯಾಡ, ಮಣ್ಣು ಇರತೈತಿ. ಬೆನ್ನಿಂದು ಒಯ್ಯಿ" ಎಂದು ಆರಿಸಿ ಕೊಟ್ಟ. "ತೊಳೀಬ್ಯಾಡ ಮತ್ತ."

ಆ ಮಾತನ್ನು ಅವನಿಂದ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಇಂಥದಕ್ಕೆಲ್ಲ ಅಳುತ್ತೇನೆ ನಾನು, ಏನು ಮಾಡುವುದು.

ನನ್ನ ಅಡುಗೆಮನೆ ತೇವದ ಜಾಗ. ಅನ್ನದ ಉಗಿ, ಬಚ್ಚಲಿನ ಹಸಿ. ಡಬ್ಬಿಯನ್ನು ಎಲ್ಲಿಡುವುದೆಂದು ಯೋಚಿಸಿ ಯೋಚಿಸಿ ಜೋಳದ ಡ್ರಮ್ಮಿನೊಳಗೆ ಹೂತೆ. ಒಣ ಕಾಳಿನ ನಡುವೆ ತೇವ ಎಲ್ಲಿಂದ ಬರಬೇಕು? ಮುಚ್ಚಳ ಸರಿಯಾಗಿ ಕೂತಿರಲಿಲ್ಲವೆಂದು ಕಾಣುತ್ತದೆ. ಯಜಮಾನರು ರೊಟ್ಟಿ ಮುರಿದು ಮೂಸಿ, "ಏನಲೇ, ಇವತ್ತು ರೊಟ್ಟಿ ಕುರಿ ಮೇಯಿಸಿ ಬಂದೈತೇನ?" ಎಂದರು. ತಿಂದರು ಮಾತ್ರ ಪೂರ್ತಿ. ಅಂದಿನಿಂದ ಮುಚ್ಚಳಕ್ಕೆ ಬಟ್ಟೆ ಸುತ್ತಿದೆ.

ಯುಗಾದಿಗೆ ತವರಿಗೆ ಹೋದೆ. ಹೊಳೆ ಇಳಿದಿತ್ತು, ಬಂಡೆಗಳು ಬೆನ್ನು ತೋರಿಸಿ ಮಲಗಿದ್ದವು. ದಂಡೆಯಲ್ಲಿ ಬೀಡಿ ಸೇದುತ್ತಿದ್ದ ಗಂಡಸೊಬ್ಬ, "ಯವ್ವಾ, ಅರಬಿ ಒಗಿಯೋ ಕಲ್ಲು ಆ ಕಡಿಗೆ ಅದಾವು" ಎಂದ. "ನೀ ಒಗಿಯೋದಿದ್ರ ಹೋಗಪ್ಪ, ನಾ ಮೀನಿಗೆ ಬಂದೀನಿ" ಎಂದು ಬೀರಪ್ಪನ ಕೋಲಿಗೆ ಚಮಚ ಕಟ್ಟಿ ಎಸೆದೆ. ಎಳೆದೆ, ಎಸೆದೆ. ಕೈಗೆ ಹಳೆಯ ಲಯ ಬಂತು. ಇನ್ನೊಂದು ಸಲ ಎಳೆಯುವಾಗ ದಾರ ಬಿಗಿಯಾಯಿತು. ಮೀನು ಎಂದು ಎದೆ ಹಾರಿತು. ಮೀನಲ್ಲ. ಬಂಡೆಯ ಸಂದಿಗೆ ಚಮಚ ಸಿಕ್ಕಿಕೊಂಡಿತ್ತು. ಹೇಗೆ ಎಳೆದರೂ ಬರಲಿಲ್ಲ.

"ದಾರ ಕೊಯ್ದು ಬಿಡಕ್ಕ" ಎಂದ ಬೀರಪ್ಪ. "ಅಲ್ಲಿ ಕೆಳಗ ಜಾರತೈತಿ."

"ಕೊಯ್ದ್ರ ಕಲ್ಲವ್ವಕ್ಕ ಗೆದ್ದಂಗ ಆತು. ಹೊಳಿಗೆ ಬಿಟ್ಟು ಬಾ ಅಂದಿದ್ಲು."

"ಅಕಿ ಗೆದ್ರ ಏನ್ ಹೋಗತೈತಿ?"

"ಅಪ್ಪ ಹೋಗ್ತಾನ."

ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಒದ್ದೆ ಮಾಡಿದರೆ ನೋಡು ಎಂದು ಹೇಳಿ ನೀರಿಗೆ ಇಳಿದೆ. ಸೊಂಟದವರೆಗೆ ಬಂತು, ಎದೆಯವರೆಗೆ ಬಂತು. ಸೀರೆ ಉಬ್ಬಿ ಗಡಿಗೆಯಂತಾಯಿತು. "ಏಳು ಕೋಟಿ, ಏಳು ಕೋಟಿ" ಎಂದು ನಮ್ಮ ದೇವರ ಉಘೇ ಹೇಳುತ್ತ ದಾರ ಹಿಡಿದು ನಡೆದೆ. ಕಾಲಬೆರಳಿಗೆ ಬಂಡೆ ಸಿಕ್ಕಿತು, ಕೈ ಇಳಿಸಿದರೆ ಚಮಚವೂ ಸಿಕ್ಕಿತು. ಬಿಡಿಸಿಕೊಂಡು ಎತ್ತಿ ಹಿಡಿದಾಗ ಬೀಡಿಯವನು ದಂಡೆಯಿಂದ, "ಏನ್ ಬಿತ್ತಬೇ?" ಎಂದು ಕೂಗಿದ. "ಚಮಚ!" ಎಂದು ಕೂಗಿದೆ. ಅವನು ಬೀಡಿ ಬಿಸಾಕಿ ಎದ್ದು ಹೋದ, ಹುಚ್ಚಿ ಎಂದುಕೊಂಡು.

ಮೀನು ಬೀಳಲಿಲ್ಲ ಅವತ್ತು. ಮುಳುಗಲಿಲ್ಲ, ಚಮಚ ಉಳಿಯಿತು, ಬೀರಪ್ಪನ ಹೆಂಡತಿ ಬಿಸಿ ಹೋಳಿಗೆ ಮಾಡಿದ್ದಳು. ಇದಕ್ಕಿಂತ ಹೆಚ್ಚು ಕೇಳಿದರೆ ದೇವರ ಮುಂದೆ ನನಗೇ ನಾಚಿಕೆಯಾಗಬೇಕು. ಒದ್ದೆ ಸೀರೆ ಬದಲಿಸುವ ಮೊದಲು ಗಾಳ ಒರೆಸಿದೆ. ಮೊರದಲ್ಲಿ ಬಿಸಿಲು ಕುಡಿಸಿದೆ. ತುಪ್ಪಟಕ್ಕೆ ಚುಚ್ಚಿದೆ.

ಆಮೇಲೆ ಮಳೆಗಾಲ. ಗೋಡೆ ಬೆವರಿತು, ಉಪ್ಪು ನೀರಾಯಿತು, ಬೆಂಕಿಪೊಟ್ಟಣ ಹೊತ್ತಲಿಲ್ಲ. ನನ್ನ ರೊಟ್ಟಿ ಹಂಚು ಒಂದು ವಾರ ಬಿಟ್ಟರೆ ಕೆಂಪಾಗುತ್ತಿತ್ತು. ಡ್ರಮ್ಮಿನೊಳಗಿನ ಡಬ್ಬಿ ತೆರೆಯಲು ಕೈ ತುರಿಸುತ್ತಿತ್ತು, ತೆರೆದರೆ ಹಸಿಗಾಳಿ ಹೋಗುತ್ತದೆಂದು ಬಿಟ್ಟೆ. ದೇವರ ಮನೆಗೆ ಹೋದಾಗ ಖಾಲಿ ಗೂಡು ಕಾಣುತ್ತಿತ್ತು. ಅಕ್ಕ ಅಲ್ಲಿ ಎಣ್ಣೆ ಬಾಟ್ಲಿ ಇಟ್ಟಿದ್ದಳು. ಕೈಮುಗಿದು, ನನ್ನ ಕಡೆ ಇರಪ್ಪಾ ಎಂದು ನಾನು ಬೇಡಲಿಲ್ಲ. ನೀನು ನಡುವೆ ಬರಬೇಡ, ನಿನ್ನ ಕುರಿಯ ಜಿಡ್ಡು ತನ್ನ ಕೆಲಸ ಮಾಡಲಿ, ಎಂದಷ್ಟೇ ಹೇಳಿದೆ. ಅವನಿಗೆ ಹೀಗೆ ಹೇಳಬಹುದು, ನಮ್ಮವನು.

ಅಕ್ಕನೂ ಸುಮ್ಮನಿರಲಿಲ್ಲ. ಮಲ್ಲಿಗೆ ಕಟ್ಟಲು ಕೂತಾಗ, "ಏನ್ ಮೈಲವ್ವ, ನಿನ್ನ ಡಬ್ಬಿ ಕೆಮ್ಮಾಕತ್ತೈತೇನ?" ಎನ್ನುವಳು. "ನಿನ್ನ ನೆನಸಿ ಬಿಕ್ಕಾಕತ್ತೈತಿ" ಎನ್ನುವೆ. ಇಬ್ಬರೂ ಹೂವು ಕಟ್ಟುವುದು ನಿಲ್ಲಿಸುತ್ತಿರಲಿಲ್ಲ. ಜಗಳ ಜಗಳದ ಪಾಡಿಗೆ, ಮಾಲೆ ಮಾಲೆಯ ಪಾಡಿಗೆ.

ಮಹಾನವಮಿ ಬಂತು. ಕುಡಗೋ‌ಲು, ಸನಿಕೆ, ಈಳಿಗೆ ಎಲ್ಲ ಸಾಲಾಗಿ ಕೂತವು. ನಾನು ಡಬ್ಬಿ ತಂದು ಜಗಲಿಯ ಮುಂದೆ ಇಟ್ಟೆ. ಭಾವ ಬಂದು ನಿಂತರು, ಯಜಮಾನರು ಬಂದು ನಿಂತರು. ಮುಚ್ಚಳದ ಬಟ್ಟೆ ಬಿಚ್ಚಿದೆ. ಅಕ್ಕ ಬೇಕೆಂದೇ ದೀಪ ಹತ್ತಿರ ತಂದಳು.

ತೆರೆದೆ. ಕುರಿಯ ವಾಸನೆ ಧಗ್ಗನೆ ಎದ್ದಿತು. ಭಾವ ಒಂದು ಹೆಜ್ಜೆ ಹಿಂದೆ ಸರಿದರು. ತುಪ್ಪಟದೊಳಗಿಂದ ಮೊದಲ ಗಾಳ ಎಳೆದು ದೀಪಕ್ಕೆ ಹಿಡಿದೆ. ಮಸಿಬಣ್ಣದ ಮೈ, ಮೇಲೆ ತೆಳ್ಳನೆ ಜಿಡ್ಡು, ದೀಪದ ಬೆಳಕು ಅದರಲ್ಲಿ ಜಾರಿತು. ಎರಡನೆಯದೂ ಹಾಗೇ. ಒಂದೊಂದೇ ಎಳೆದು ತಟ್ಟೆಯಲ್ಲಿಟ್ಟೆ. ಕೊನೆಗೆ ಚಮಚ. ಅದನ್ನು ಅಕ್ಕನೇ ಎತ್ತಿಕೊಂಡಳು. ತಿರುಗಿಸಿ ನೋಡಿದಳು, ಕೊಕ್ಕೆಯ ಬುಡವನ್ನು ಉಗುರಿನಿಂದ ಕೆರೆದಳು, ಉಗುರು ದೀಪಕ್ಕೆ ಹಿಡಿದಳು. ಕೆಂಪಿರಲಿಲ್ಲ. ಬೆರಳು ಮೂಸಿದಳು. ಅವಳ ತವರೂ ಕುರಿಯ ಮನೆಯೇ. ಆ ವಾಸನೆ ಅವಳನ್ನು ಎಲ್ಲಿಗೆ ಒಯ್ದಿತೋ, ಸ್ವಲ್ಪ ಹೊತ್ತು ಬೆರಳು ಮೂಗಿನಿಂದ ಇಳಿಯಲಿಲ್ಲ.

"ಆತು" ಎಂದಳು. ಎಣ್ಣೆ ಬಾಟ್ಲಿ ಎತ್ತಿ ಗೂಡು ಖಾಲಿ ಮಾಡಿದಳು. "ದೇವರು ಒಪ್ಪ್ಯಾನ."

"ದೇವರು ಹೋದ ವರ್ಷನೂ ಒಪ್ಪಿದ್ದ" ಎಂದೆ. ಅಷ್ಟನ್ನು ನಾನು ಬಿಡಲಾರೆ.

ಅವಳು ಕೇಳದವಳ ಹಾಗೆ ತೀರ್ಥದ ತಂಬಿಗೆ ಎತ್ತಿಕೊಂಡು ಸಾಲಿಗೆ ಚಿಮುಕಿಸುತ್ತ ಬಂದಳು. ಕುಡಗೋಲಿಗೆ, ಸನಿಕೆಗೆ, ಈಳಿಗೆಗೆ. ನನ್ನ ತಟ್ಟೆಯ ಮೇಲೆ ಕೈ ಬಂದಾಗ ನಾನು ಅವಳ ಮಣಿಕಟ್ಟು ಹಿಡಿದೆ.

"ಇವಕ್ಕ ಬ್ಯಾಡ ಅಕ್ಕಾ."

ಭಾವ ಕೆಮ್ಮಿದರು. ಅಕ್ಕನ ಕಣ್ಣು ಅಗಲವಾದವು. "ತೀರ್ಥಕ್ಕ ಬ್ಯಾಡ ಅಂತೀಯೇನಲೇ?"

"ಗಾಳಕ್ಕ ಬ್ಯಾಡ ಅಂದೆ. ಅವುಗಳ ಪಾಲಿಂದು ನನ್ನ ತಲಿ ಮ್ಯಾಲೆ ಹಾಕು."

ಸೆರಗು ಸರಿಸಿ ತಲೆ ಬಗ್ಗಿಸಿದೆ. ಎರಡು ಹನಿ ಬೀಳುತ್ತದೆ ಎಂದುಕೊಂಡಿದ್ದೆ. ಕಲ್ಲವ್ವಕ್ಕ ತಂಬಿಗೆಯನ್ನೇ ಬೋರಲು ಹಾಕಿದಳು. ತಣ್ಣನೆ ನೀರು ನೆತ್ತಿಯಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ, ಹೊಸ ರವಿಕೆಯೊಳಗೆ ಹರಿಯಿತು. ನಾನು ಎರಡೂ ಕೈಯಿಂದ ತಟ್ಟೆಯನ್ನು ಹಿಂದಕ್ಕೆ ಸರಿಸಿ, ತಲೆ ಬಗ್ಗಿಸಿಯೇ ಇದ್ದೆ.

"ಇನ್ನೂ ಐತೇನು, ಹಾಕು" ಎಂದೆ. "ನನಗೇನು ತುಕ್ಕು ಹಿಡಿಯಂಗಿಲ್ಲ."

"ಬಾಯಿಗಂತೂ ಹಿಡಿಯಂಗಿಲ್ಲ ಬಿಡು" ಎಂದಳು ಅಕ್ಕ. ಅವಳ ದನಿಯಲ್ಲಿ ನಗು ಒಡೆಯಿತು, ಯಜಮಾನರದೂ ಒಡೆಯಿತು. ಅವಳು ತನ್ನ ಸೆರಗಿನಿಂದ ಮೊದಲು ನನ್ನ ಕೈ ಒರೆಸಿದಳು, ಬೆರಳು ಬೆರಳಿನ ಸಂದಿಯನ್ನೂ. ಕೈ ಪೂರ್ತಿ ಒಣಗಿತು ಎಂದು ಮುಟ್ಟಿ ನೋಡಿ, ಆಮೇಲೆ ಚಮಚ ಎತ್ತಿ ನನಗೆ ಕೊಟ್ಟಳು. ಒಣ ಭಂಡಾರದ ಒಂದು ಚಿಟಿಕೆಯನ್ನು ಮುಚ್ಚಳದ ಮೇಲಷ್ಟೇ ಹಚ್ಚಿದಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, ಡಬ್ಬಿಯನ್ನು ಮೈಯಿಂದ ದೂರ ಚಾಚಿ ಹಿಡಿದು, ನಾನು ಗಾಳಗಳನ್ನು ಒಂದೊಂದಾಗಿ ತುಪ್ಪಟಕ್ಕೆ ಚುಚ್ಚಿದೆ.